ದೊಡ್ಡಮ್ಮನ ಮೊಣಗಂಟು ಮತ್ತು ಪುಂಜಾಲಕಟ್ಟೆಯ ತಿರುವು

ಬಸ್ಸಿನ ಹಿಂದಿನ ಚಕ್ರ ದೊಡ್ಡಮ್ಮನ ಚಪ್ಪಲಿಯ ಮೇಲೆ ಹಾದುಹೋದದ್ದನ್ನು ನಾನು ನೋಡಿದೆ. ಚಪ್ಪಲಿಯಲ್ಲಿ ಕಾಲು ಇರಲಿಲ್ಲ. ಆದದ್ದು ಇಷ್ಟೇ. ಆದರೂ ಎರಡು ತಿಂಗಳಾದ ಮೇಲೂ ಪಾತ್ರೆ ತೊಳೆಯುವಾಗ, ಬಟ್ಟೆ ಒಣಗಿಸುವಾಗ ಆ ಎರಡು ಮೂರು ಸೆಕೆಂಡು ಮತ್ತೆ ಬಂದು ಹೋಗುತ್ತದೆ.

ದೊಡ್ಡಮ್ಮ ನಲವತ್ತು ವರ್ಷ ಬೀಡಿ ಕಟ್ಟಿದವರು. ಚಕ್ಕಳಮಕ್ಕಳ ಹಾಕಿ ಕೂತರೆ ಊಟಕ್ಕೇ ಏಳುವುದು. ಈಗ ಎದ್ದ ಕೂಡಲೇ ಹೆಜ್ಜೆ ಹಾಕಲು ಆಗುವುದಿಲ್ಲ. ಬಿ.ಸಿ.ರೋಡಿನ ಎಲುಬಿನ ಡಾಕ್ಟರು ಮೊಣಕಾಲಿನ ಎಕ್ಸ್‌ರೇ ಎತ್ತಿಹಿಡಿದು, ಎರಡು ಎಲುಬುಗಳ ನಡುವೆ ಇರಬೇಕಾದ ಸಂದು ಒಂದು ಬದಿಯಲ್ಲಿ ಬಹಳ ಕಡಿಮೆಯಾಗಿದೆ ಎಂದು ತೋರಿಸಿದರು.

ನಾನು ಮೂಡುಬಿದಿರೆಯಲ್ಲಿ ಪ್ರಾಣಿಶಾಸ್ತ್ರ ಓದಿದವಳು. ಮನೆಗೆ ಬಂದು ಬಚ್ಚಲಲ್ಲಿ ತೂಗುಹಾಕಿದ್ದ ಒಣ ಹೀರೆಕಾಯಿಯ ನಾರನ್ನು ತಂದು ದೊಡ್ಡಮ್ಮನ ಮುಂದಿಟ್ಟೆ. ಎಲುಬಿನ ತುದಿಗೆ ನುಣುಪಾದ ಹೊದಿಕೆ ಇರುತ್ತದೆ, ಮೃದ್ವಸ್ಥಿ. ಅದರೊಳಗೆ ಹೀಗೆಯೇ ನಾರಿನ ಬಲೆ, ಬಲೆಯ ತುಂಬ ನೀರು. ಅದಕ್ಕೆ ರಕ್ತನಾಳವಿಲ್ಲ. ಭಾರ ಬಿದ್ದಾಗ ನೀರು ಹೊರಗೆ ಹೋಗುತ್ತದೆ, ಭಾರ ಇಳಿದಾಗ ಕೀಲಿನೊಳಗಿನ ದ್ರವವನ್ನು ಹೀರಿಕೊಳ್ಳುತ್ತದೆ. ಅದರ ಊಟ ಆ ದ್ರವದಲ್ಲೇ ಇರುವುದು. ವಯಸ್ಸಾದ ಹಾಗೆ ನೀರು ಹಿಡಿದಿಡುವ ಶಕ್ತಿ ಕುಗ್ಗುತ್ತದೆ, ನಾರು ಬಿಚ್ಚಿಕೊಳ್ಳುತ್ತದೆ. ಒಳಗಿನ ಜೀವಕೋಶಗಳು ಬಹಳ ಕಡಿಮೆ, ಸವೆದದ್ದನ್ನು ಅವು ಮೊದಲಿನಂತೆ ಕಟ್ಟಿಕೊಡಲಾರವು. ಹೊದಿಕೆಗೆ ನರವೂ ಇಲ್ಲ. ಆದ್ದರಿಂದ ಸವೆಯುವಾಗ ಅದು ಸುದ್ದಿಯನ್ನೇ ಕೊಡುವುದಿಲ್ಲ. ನೋವು ಬರುವುದು ಕೆಳಗಿನ ಎಲುಬಿನಿಂದ, ಸುತ್ತಲಿನ ಪೊರೆಯಿಂದ.

"ನನ್ನ ಕಾಲೊಳಗೆ ಹೀರೆ ಬಳ್ಳಿ ಹಬ್ಬಿದೆ ಅಂತ ಹೇಳು," ಎಂದರು ದೊಡ್ಡಮ್ಮ. "ಇಷ್ಟು ಓದಿದ್ದೀಯಲ್ಲ ಮಾರಾಯ್ತಿ, ಏನು ಮಾಡಬೇಕು ಅಂತ ಹೇಳು."

"ತುಂಬ ಹೊತ್ತು ಕೂತು ಒಮ್ಮೆಲೇ ನಡೆಯಬೇಡಿ. ಮೊದಲೇ ಕಾಲನ್ನು ಸ್ವಲ್ಪ ಆಡಿಸಿಕೊಳ್ಳಿ."

ನನ್ನ ತಪ್ಪು ಈ ಮಾತಿನಲ್ಲಿತ್ತು. ಕೂತಲ್ಲೇ ಆಡಿಸಿ ಎಂದು ನಾನು ಹೇಳಲಿಲ್ಲ.

ನಮ್ಮ ಕಡೆ ಖಾಸಗಿ ಬಸ್ಸುಗಳಿಗೆ ಟೈಮಿಂಗಿನದ್ದೇ ಚಿಂತೆ. ಬಸ್ಸು ನಿಂತ ಮೇಲೆ ಸೀಟಿನಿಂದ ಏಳುವುದನ್ನು ದೊಡ್ಡಮ್ಮನಂಥವರು ಮರ್ಯಾದೆಗೇಡು ಎಂದೇ ತಿಳಿದಿದ್ದಾರೆ. ಕಾಲು ನಿಧಾನವಾದ ಮೇಲೆ ಅವರು ಇನ್ನೂ ಬೇಗ ಏಳತೊಡಗಿದ್ದರು. ಮುಂದಿನ ಸಲ ಡಾಕ್ಟರನ್ನು ಕಂಡು ಬೆಳ್ತಂಗಡಿ ಬಸ್ಸಿನಲ್ಲಿ ಮರಳುವಾಗ, ಪುಂಜಾಲಕಟ್ಟೆಯ ನಮ್ಮ ಸ್ಟಾಪಿಗೆ ಇನ್ನೂ ಒಂದು ತಿರುವು ಇರುವಾಗಲೇ ಎದ್ದು ಹೊರಟರು.

"ಈಗಲೇ ಯಾಕೆ?" ಎಂದೆ.

"ನೀನೇ ಹೇಳಿದ್ದಲ್ವಾ, ಮೊದಲೇ ಆಡಿಸಿಕೊಳ್ಳಿ ಅಂತ."

ಮುಂದಿನ ಬಾಗಿಲನ್ನು ತೆರೆದೇ ಇಟ್ಟು ಹಗ್ಗದಿಂದ ಕಟ್ಟಿದ್ದರು. ದೊಡ್ಡಮ್ಮ ಮೇಲಿನ ಮೆಟ್ಟಿಲಲ್ಲಿ ನಿಂತು ಬಲಗಾಲನ್ನು ಮಡಚಿ ಬಿಡಿಸುತ್ತಿದ್ದರು. ತಿರುವಿನಲ್ಲಿ ಸ್ಕೂಟರೊಂದು ಅಡ್ಡ ಬಂತು. ಡ್ರೈವರ್ ಬ್ರೇಕ್ ಹಾಕಿದ. ಭಾರವೆಲ್ಲ ಎಡಗಾಲಿಗೆ ಬಿದ್ದು ಮೊಣಗಂಟು ಕುಸಿಯಿತು. ಮಡಚಿದ್ದ ಬಲಗಾಲು ಬಾಗಿಲಿನಿಂದ ಹೊರಗೆ ಹೋಯಿತು. ಹಿಂದೆಯೇ ಬಂದಿದ್ದ ನನ್ನ ಕೈಗೆ ಸೆರಗು ಸಿಕ್ಕಿತು. ಕಂಡಕ್ಟರ್ ರಟ್ಟೆ ಹಿಡಿದು ಒಳಗೆ ಎಳೆದ. ಸೆರಗು ಮಾತ್ರ ಆಗಿದ್ದರೆ ನಿಲ್ಲುತ್ತಿರಲಿಲ್ಲ. ಅದು ಆಗಲೇ ನನ್ನ ಬೆರಳುಗಳಿಂದ ಜಾರುತ್ತಿತ್ತು. ಚಪ್ಪಲಿ ಕೆಳಗೆ ಬಿತ್ತು. ನಾನು ಬಗ್ಗಿ ನೋಡಿದೆ.

ಬಸ್ಸು ನಿಂತಿತು. ದೊಡ್ಡಮ್ಮ ಕಂಡಕ್ಟರನಿಗೆ ಹೇಳಿದ ಮೊದಲ ಮಾತು, "ನಿಮ್ಮ ಟೈಮ್ ಹಾಳು ಮಾಡಿದೆ."

"ಟೈಮ್ ಅಲ್ಲಿರಲಿ ಅಮ್ಮ," ಎಂದ ಅವನು. "ನಾಳೆ ನಮ್ಮ ಬಸ್ಸಿಗೆ ಬರುವುದಾದರೆ ಕೂತ್ಕೊಂಡೇ ಇರಿ."

ಕಳೆದ ವಾರ ಮತ್ತೆ ಡಾಕ್ಟರಲ್ಲಿಗೆ ಹೋಗಬೇಕಿತ್ತು. ಬರುವಾಗ ದೊಡ್ಡಮ್ಮನನ್ನು ಕಿಟಕಿಯ ಬದಿಗೆ ಕೂರಿಸಿ, ದಾರಿಗೆ ಅಡ್ಡವಾಗಿ ನಾನು ಕೂತೆ. ಆ ತಿರುವು ಹತ್ತಿರವಾದಾಗ ಅವರ ಕೈ ಮುಂದಿನ ಸೀಟಿನ ಕಂಬಿಗೆ ಹೋಯಿತು.

"ಏಳು, ತಿರುವು ಬಂತು."

"ನಿಂತ ಮೇಲೆ, ದೊಡ್ಡಮ್ಮ. ಕೂತಲ್ಲೇ ಆಡಿಸಿ."

"ದನ ಕಟ್ಟಿದ ಹಾಗೆ ಕಟ್ಟಿ ಹಾಕಿದ್ದೀಯಲ್ಲ," ಎಂದರು. ಆದರೂ ಸೀಟಿನ ಕೆಳಗೆ ಕಾಲನ್ನು ಹಿಂದೆ ಮುಂದೆ ಆಡಿಸತೊಡಗಿದರು. ಬಸ್ಸು ನಿಂತಿತು. ಅವರು ಎದ್ದು, ಒಂದು ಉಸಿರಿನಷ್ಟು ಹೊತ್ತು ನಿಂತು, ಹೆಜ್ಜೆ ಹಾಕಿದರು. ಹಿಂದಿನ ಬಸ್ಸು ಹಾರ್ನ್ ಹಾಕಿತು. ಯಾರೋ ಗಡಿಯಾರ ನೋಡಿದರು. ಮೆಟ್ಟಿಲಿಳಿದು ನೆಲ ಮುಟ್ಟುವವರೆಗೂ ನಾನು ಅವರ ರಟ್ಟೆ ಬಿಡಲಿಲ್ಲ.

"ಎಲ್ಲರೂ ನನ್ನನ್ನೇ ನೋಡಿದರು," ಎಂದರು ದೊಡ್ಡಮ್ಮ. ಇನ್ನು ಡಾಕ್ಟರಲ್ಲಿಗೇ ಬರುವುದಿಲ್ಲ ಎನ್ನುತ್ತಾರೋ ಎಂದು ನನಗೆ ಹೆದರಿಕೆಯಾಯಿತು.

ಅಂಗಡಿ ಸಾಲು ದಾಟಿದ ಮೇಲೆ ಅವರೇ ಹೇಳಿದರು: "ಇವತ್ತು ಸೀಟಿನಿಂದ ಬಸ್ಸಿನ ಬಾಗಿಲಿಗೆ ಹನ್ನೊಂದು ಹೆಜ್ಜೆ ಆಯಿತು. ಮುಂದಿನ ಸಲ ಬಾಗಿಲ ಹತ್ತಿರದ ಸೀಟು ಹಿಡಿಯುವ. ಅಲ್ಲಿಂದ ನಾಲ್ಕೇ."