ನೋಡದೆ ಹಾಕಿದ ರೈಟ್ ಮಾರ್ಕು

ಆ ಮಗುವಿನ ಕಾರ್ಡಿನಲ್ಲಿ ರೈಟ್ ಮಾರ್ಕು ಹಾಕಿದವಳು ನಾನು. ಮಗುವಿನ ಮುಖ ನೋಡುವ ಮೊದಲೇ ಹಾಕಿದ್ದೆ. ಆಮೇಲೆ, ಒಂಬತ್ತು ವರ್ಷ ಕಳೆದು ಆ ತಪ್ಪು ಒಬ್ಬ ಮುದುಕಿಯ ತಲೆಗೆ ಬಂದಾಗ, ಬಾಯಿ ಮುಚ್ಚಿಕೊಂಡು ಕೂತವಳೂ ನಾನೇ. ಇಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಎಷ್ಟೋ ವಾಸಿ. ಬಾಯಿ ಬಿಟ್ಟು ಸುಳ್ಳು ಹೇಳಿದೆ.

ಇದನ್ನು ಬರೆಯಬೇಡಿ ಎಂದು ನಮ್ಮ ನರ್ಸಿಂಗ್ ಕಾಲೇಜಿನ ಪ್ರಿನ್ಸಿಪಾಲರು ಹೇಳಿದರು. ಹಳೆಯದನ್ನೆಲ್ಲ ಯಾಕೆ ಕೆದಕುತ್ತೀರಿ ಮೇಡಂ, ಕಾಲೇಜಿನ ಮರ್ಯಾದೆ ಏನಾಗಬೇಕು ಎಂದರು. ಬರೆಯುತ್ತೇನೆ. ಬರೆದು ನನ್ನ ಹುಡುಗಿಯರ ಕೈಗೇ ಕೊಡುತ್ತೇನೆ. ಬೇಕಾದರೆ ಟೈಮ್‌ಟೇಬಲ್ಲಿನಿಂದ ನನ್ನ ಹೆಸರು ಹೊಡೆದುಹಾಕಲಿ. ಒಬ್ಬ ಮುದುಕಿಯ ಮರ್ಯಾದೆ ಬೀದಿಪಾಲಾದಾಗ ಯಾರೂ ಬಂದು ಬೇಡ ಅನ್ನಲಿಲ್ಲ—ಈಗ ಮಾತ್ರ ಎಲ್ಲರಿಗೂ ಮರ್ಯಾದೆಯ ಚಿಂತೆ!

ಹುಡುಗಿಯರೇ, ನೀವೂ ಕೇಳಿ. 'ವೃಷಣ' ಎಂದು ಬೋರ್ಡಿನ ಮೇಲೆ ಬರೆದರೆ ಸಾಕು, ಹಿಂದಿನ ಬೆಂಚಿನಿಂದ ಕಿಸಕ್ ಅಂತೀರಿ. ಕನ್ನಡ, ತಮಿಳು, ತೆಲುಗು—ಮೂರು ಭಾಷೆಯಲ್ಲೂ ನಗುತ್ತೀರಿ. ನಾನೂ ನಕ್ಕವಳೇ. ಆ ನಗು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಹೇಳುತ್ತೇನೆ.

ಆಗ ನಾನು ಬಂಗಾರಪೇಟೆ ಕಡೆಯ ಒಂದು ಹಳ್ಳಿಗೆ ನರ್ಸಮ್ಮ. ಮನೆ ಊರಿಗಾಂ ಲೈನಿನಲ್ಲಿ, ಗಣಿ ಕೆಲಸಗಾರರ ಸಾಲುಮನೆ. ಗಣಿಯಲ್ಲಿ ದುಡಿದ ಅಪ್ಪನ ಮಗಳು, ನಮ್ಮ ಸಾಲಿನ ಮನೆಗಳಲ್ಲಿ ನರ್ಸಿಂಗ್ ಓದಿದ ಮೊದಲ ಹುಡುಗಿ—ಆ ಜಂಬ ಎಷ್ಟಿತ್ತೆಂದರೆ, ಬಿಳಿ ಸೀರೆ ಉಟ್ಟು ಸ್ಟೇಷನ್ನಿಗೆ ನಡೆಯುವಾಗ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮಾರಿಕುಪ್ಪಂನಿಂದ ಬರುವ ಬೆಳಗಿನ ರೈಲು ಹತ್ತಿ, ಕಿಟಕಿ ಪಕ್ಕ ಕೂತು, ಬ್ಯಾಗಿನಿಂದ ಮಕ್ಕಳ ಕಾರ್ಡುಗಳನ್ನು ತೆಗೆಯುತ್ತಿದ್ದೆ. ಕಣ್ಣು, ಬಾಯಿ, ಹೊಕ್ಕಳು, ಗುದದ್ವಾರ, ಗಂಡುಮಗುವಾದರೆ ಎರಡೂ ವೃಷಣ ಇಳಿದಿವೆಯೇ ಇಲ್ಲವೇ—ಒಂದೊಂದಕ್ಕೂ ಒಂದೊಂದು ಖಾನೆ. ಎಲ್ಲದರ ಮುಂದೆಯೂ ಸರಸರ ಅಂತ ರೈಟ್, ರೈಟ್, ರೈಟ್. ಬಂಗಾರಪೇಟೆ ಬರುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು. ಬಾಣಂತಿಯ ಮನೆಯಲ್ಲಿ ತೂಕ ಮಾತ್ರ ಬರೆದು ಕಾರ್ಡು ಕೊಟ್ಟು ಬರುವುದು. ಎಲ್ಲರೂ ಹಾಗೇ ಮಾಡುತ್ತಿದ್ದರೋ ಏನೋ ನನಗೆ ಗೊತ್ತಿಲ್ಲ, ಅದು ಈಗ ಬೇಡ. ನಾನು ಮಾಡುತ್ತಿದ್ದೆ.

ರತ್ನ—ಹೆಸರು ಬದಲಿಸಿದ್ದೇನೆ—ಒಂದು ತಿಂಗಳು ಮುಂಚೆಯೇ ಹೆತ್ತಿದ್ದಳು. ಗಂಡುಮಗು. ಅವಧಿಗೆ ಮುಂಚೆ ಹುಟ್ಟಿದ ಮಗುವಿನಲ್ಲಿ ವೃಷಣ ಹೊಟ್ಟೆಯಿಂದ ಕೆಳಗಿನ ಚೀಲಕ್ಕೆ ಇಳಿಯದೆ ಉಳಿಯುವುದು ಹೆಚ್ಚು. ಇದು ನನ್ನ ಪುಸ್ತಕದಲ್ಲೇ ಇತ್ತು, ನಾನು ಕೆಂಪು ಗೆರೆ ಎಳೆದು ಓದಿದ್ದೆ. ನಾನು ಹೋದಾಗ ಮಗುವಿಗೆ ಮೂರು ವಾರ. ಸ್ನಾನ ಮುಗಿಸಿ, ಸಾಂಬ್ರಾಣಿ ಹೊಗೆ ಹಾಕಿ, ಬಿಗಿಯಾಗಿ ಸುತ್ತಿ ಮಲಗಿಸಿದ್ದರು. ಬಿಚ್ಚಿಸಿದರೆ ಎದ್ದು ಅಳುತ್ತದೆ, ಹೊತ್ತಾಗುತ್ತದೆ. ಬಟ್ಟೆಯ ಗಂಟಿನ ಸಮೇತ ತೂಗಿದೆ.

ಹೊರಗೆ ಬಂದರೆ ಬಚ್ಚಲ ಪಕ್ಕದಲ್ಲಿ ಮುನಿಯಮ್ಮಜ್ಜಿ ನಿಂತಿದ್ದಳು. ಇವಳ ಹೆಸರನ್ನು ನಾನು ಬದಲಿಸುವುದಿಲ್ಲ. ಆ ಊರಲ್ಲಿ ಎಳೆಮಕ್ಕಳಿಗೆ ನೀರು ಹುಯ್ಯುತ್ತಿದ್ದವಳು ಅವಳು. ಮಣೆಯ ಮೇಲೆ ಕೂತು, ಕಾಲು ಚಾಚಿ, ಮೊಣಕಾಲಿನ ಕೆಳಗೆ ಮಗುವನ್ನು ಮಲಗಿಸಿಕೊಂಡು ಹರಳೆಣ್ಣೆ ಹಚ್ಚಿ ಬಿಸಿನೀರು ಹುಯ್ದರೆ, ಅಳುತ್ತಿದ್ದ ಮಗು ಹಾಗೇ ನಿದ್ದೆ ಹೋಗುತ್ತಿತ್ತು. ಊರಿನ ಅರ್ಧ ಜನ ಅವಳ ಆ ಕಾಲಿನ ಮೇಲೆ ಮಲಗಿ ಎದ್ದವರೇ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ನನ್ನನ್ನು ತಡೆದಳು.

"ಅಮ್ಮಯ್ಯ, ಒಸಿ ನಿಂತ್ಕೋ. ಮಗೀಗೆ ಎಡಗಡೆ ಬೀಜ ಇಲ್ಲ ಕಣಮ್ಮ. ದಿನಾ ಬಿಸಿನೀರ್ನಾಗೆ ಕೈ ಆಡಿಸ್ತೀನಿ, ಒಂದ್ ದಿನಾನೂ ಸಿಕ್ಕಿಲ್ಲ. ಬಿಚ್ಚಿ ನೋಡು."

ಚಳಿಯಾದರೆ, ಹೆದರಿದರೆ ಮಗುವಿನ ವೃಷಣ ಮೇಲಕ್ಕೆ ಸರಿದುಕೊಳ್ಳುತ್ತದೆ. ಬೆಚ್ಚಗಿದ್ದು ಮಗು ಸಡಿಲವಾಗಿದ್ದರೆ ಕೆಳಗೆ ಬರುತ್ತದೆ. ಹಾಗಾಗಿ ಬೆಚ್ಚಗಿನ ಕೋಣೆಯಲ್ಲಿ, ಬೆಚ್ಚಗಿನ ಕೈಯಿಂದ ನೋಡಬೇಕು ಅನ್ನುತ್ತದೆ ಪುಸ್ತಕ. ಅವಳು ಪುಸ್ತಕ ಓದದೆಯೇ, ಮೂರು ವಾರ, ಪ್ರತಿ ದಿನ, ಅದನ್ನೇ ಮಾಡಿದ್ದಳು! ಇದಕ್ಕಿಂತ ಒಳ್ಳೆಯ ಪರೀಕ್ಷೆ ಯಾವ ನರ್ಸು ಮಾಡಿದ್ದಾಳೆ?

ನಾನು ಏನಂದೆ? ಅಂದದ್ದನ್ನು ಅಕ್ಷರ ಬಿಡದೆ ಬರೆಯುತ್ತೇನೆ.

"ಇಳಿಯುತ್ತೆ ಬಿಡಜ್ಜಿ. ನರ್ಸಿಂಗ್ ಓದಿರೋಳು ನಾನೋ, ನೀನೋ? ನೀನು ನೀರುಯ್ಯೋದು ನೋಡ್ಕೋ."

"ಓದಿರೋಳು ನೀನೇ ಕಣಮ್ಮ," ಅಂದಳು. "ಅದುಕ್ಕೇ ನಿಂಗೆ ಏಳಿದ್ದು."

ಮೂರು ತಿಂಗಳಿಗೆ ಅವಳು ಮತ್ತೆ ಬಂದಳು. ಅಂಗನವಾಡಿಯಲ್ಲಿ ಲಸಿಕೆ ಹಾಕುತ್ತಿದ್ದೆ, ಸಾಲು ಬಾಗಿಲಾಚೆಗೆ ಹೋಗಿತ್ತು. ಕಿವಿಯ ಹತ್ತಿರ ಬಗ್ಗಿ, ಇನ್ನೂ ಸಿಕ್ಕಿಲ್ಲ ಕಣಮ್ಮ ಅಂದಳು. ನಾನು ತಲೆ ಎತ್ತದೆ "ಸರಿ ಸರಿ" ಅಂದೆ. ಇಳಿಯುತ್ತೆ ಅಂದದ್ದು ಪೂರ್ತಿ ಸುಳ್ಳಲ್ಲ. ಹುಟ್ಟಿದಾಗ ಇಳಿಯದ್ದು ಮೊದಲ ಕೆಲವು ತಿಂಗಳಲ್ಲಿ ತಾನೇ ಇಳಿಯುವುದುಂಟು. ಆದರೆ ಎಷ್ಟು ದಿನ ಕಾಯಬೇಕು? ಆರು ತಿಂಗಳು. ಅಲ್ಲಿಗೂ ಇಳಿಯದಿದ್ದರೆ ಆಮೇಲೆ ಇಳಿಯುವ ಆಸೆ ಇಲ್ಲ, ಮಕ್ಕಳ ಸರ್ಜನ್ನಿಗೆ ತೋರಿಸಿ, ಒಂದು ವರ್ಷದ ಆಸುಪಾಸಿನಲ್ಲಿ, ತಡವಾದರೆ ಒಂದೂವರೆ ವರ್ಷದೊಳಗೆ ಆಪರೇಷನ್ ಮಾಡಿಸಬೇಕು. ನಾನು ಗಡುವನ್ನೂ ಹೇಳಲಿಲ್ಲ, ಎಲ್ಲೂ ಬರೆಯಲೂ ಇಲ್ಲ, ತಾಯಿಯ ಕಿವಿಗೂ ಹಾಕಲಿಲ್ಲ. ಅಜ್ಜಿ ರತ್ನಳಿಗೆ ಹೇಳಿದ್ದಳಂತೆ. ಆದರೆ ರತ್ನಳ ಕೈಯಲ್ಲಿ ನನ್ನ ಕಾರ್ಡಿತ್ತಲ್ಲ... ಅದರಲ್ಲಿ ರೈಟ್ ಇತ್ತಲ್ಲ.

ಮುಂದಿನ ವರ್ಷ ನನಗೆ ವರ್ಗವಾಯಿತು. ಊರು ಮರೆತೆ. ಮಗುವನ್ನೂ ಮರೆತೆ.

ಅವನಿಗೆ ಒಂಬತ್ತು ವರ್ಷವಾದಾಗ ಒಂದು ದಿನ ಶಾಲೆಯಲ್ಲೇ ಹೊಟ್ಟೆ ಹಿಡಿದುಕೊಂಡು ಬಿದ್ದನಂತೆ. ತೊಡೆಸಂದಿನಲ್ಲಿ ಊತ, ವಾಂತಿ. ಬಂಗಾರಪೇಟೆಯಲ್ಲಿ ತೋರಿಸಿ ಅಲ್ಲಿಂದ ಕೋಲಾರಕ್ಕೆ ಕರೆದುಕೊಂಡು ಹೋದರು. ಕೆಳಗಿಳಿಯದೆ ತೊಡೆಸಂದಿನಲ್ಲೇ ಉಳಿದಿದ್ದ ವೃಷಣ ತಿರುಚಿಕೊಂಡು ರಕ್ತ ನಿಂತುಹೋಗಿತ್ತು. ತೆಗೆದುಹಾಕಿದರು.

ಇನ್ನೊಂದು ಸರಿಯಾಗಿದೆ. ಅವನು ಮದುವೆಯಾಗಿ ಮಕ್ಕಳನ್ನು ಪಡೆಯಲು ಸಾಮಾನ್ಯವಾಗಿ ಅದೊಂದೇ ಸಾಕು—ಅವನ ಬೆನ್ನ ಹಿಂದೆ ಪಿಸುಗುಡುವ ನಾಲಿಗೆಗಳಿಗೆಲ್ಲ ಕೇಳಲಿ ಅಂತಲೇ ದೊಡ್ಡದಾಗಿ ಬರೆಯುತ್ತಿದ್ದೇನೆ. ಆದರೂ ಅವನದೊಂದು ಅಂಗ ಹೋಯಿತು. ಕಾಲಕ್ಕೆ ಸರಿಯಾಗಿ ಹೇಳಿದ್ದರೆ ಉಳಿಯುವ ಅಂಗ.

ರತ್ನ ನನ್ನ ಮನೆ ಹುಡುಕಿಕೊಂಡು ಊರಿಗಾಂಗೆ ಬಂದಳು. ಬೈಯಲು ಬಂದಳೆಂದುಕೊಂಡೆ. ಬೈಯಲಿಲ್ಲ. ಪ್ಲಾಸ್ಟಿಕ್ ಕವರಿನಿಂದ ಆ ಕಾರ್ಡು ತೆಗೆದು ನನ್ನ ಮುಂದೆ ಹಿಡಿದಳು.

"ಸಿಸ್ಟರ್, ಉಟ್ಟಿದಾಗ ಸರಿಗಿತ್ತು ಅಲ್ವಾ? ನೀವೇ ರೈಟ್ ಆಕಿದ್ದೀರಲ್ಲ. ಆ ಮುದುಕಿ ಎಣ್ಣೆ ಆಕಿ ತಿಕ್ಕಿ ತಿಕ್ಕಿ ಮೇಲಕ್ಕೆ ಅತ್ತಿಸಿಬಿಟ್ಳು. ಈಗ ನೋಡಿದ್ರೆ, ನರ್ಸಮ್ಮಂಗೆ ಆಗ್ಲೇ ಏಳಿದ್ದೆ ಅಂತಾಳೆ. ನಿಮ್ಗೆ ಏಳಿದ್ಲಾ?"

ಕಾರ್ಡು ನೋಡಿದೆ. ರೈಟ್ ಮಾರ್ಕಿನ ಬಾಲ ಸೊಟ್ಟಗೆ ಪಕ್ಕದ ಖಾನೆಗೆ ಹಾರಿತ್ತು. ರೈಲು ಜಗ್ಗಿದಾಗ ಪೆನ್ನು ಜಾರಿದ ಗೆರೆ. ನನ್ನ ಕೈಬರಹ ನನಗೆ ಗೊತ್ತಾಗದೆ ಇರುತ್ತದೆಯೇ? ಮುನಿಯಮ್ಮಜ್ಜಿಯ ಒದ್ದೆ ಕೈ, ಬಚ್ಚಲ ಹೊಗೆ, "ಅದುಕ್ಕೇ ನಿಂಗೆ ಏಳಿದ್ದು"—ಎಲ್ಲ ಕಣ್ಣ ಮುಂದೆ ಬಂತು.

"ಹುಟ್ಟಿದಾಗ ಸರಿಯಾಗೇ ಇತ್ತು ರತ್ನಾ," ಅಂದೆ. "ಅಜ್ಜಿ ಹೇಳಿದ್ದು... ನನಗೆ ನೆನಪಿಲ್ಲ."

ಕೆಲಸ ಹೋದೀತೆಂಬ ಭಯವಿತ್ತು ಅಂತ ಬರೆಯಬಹುದು. ಬರೆದರೆ ಅದು ನೆಪವಾಗುತ್ತದೆ. ಬೇಡ.

ಎಣ್ಣೆ ಹಚ್ಚಿ ತಿಕ್ಕಿದರೆ ವೃಷಣ ಮೇಲಕ್ಕೆ ಹೋಗಿ ಸೇರಿಕೊಳ್ಳುವುದಿಲ್ಲ. ತಿಕ್ಕಿದರೆ ಕೆಳಗೆ ಬರುವುದೂ ಇಲ್ಲ. ಅದು ನನಗೆ ಅವತ್ತೂ ಗೊತ್ತಿತ್ತು. ನನ್ನ ಎರಡು ಮಾತು ಊರಿಗೆ ಹೋಯಿತು, ಮುನಿಯಮ್ಮಜ್ಜಿಯನ್ನು ಯಾರೂ ನೀರು ಹುಯ್ಯಲು ಕರೆಯಲಿಲ್ಲ. ಅವಳ ಸ್ವಂತ ಸೊಸೆ, ಮಗು ಹುಟ್ಟಿದಾಗ, ಬೇರೆ ಊರಿನಿಂದ ಹೆಂಗಸನ್ನು ಕರೆಸಿದಳಂತೆ. ಒಳಗೆ ಮೊಮ್ಮಗುವಿಗೆ ನೀರು ಹುಯ್ಯುತ್ತಿದ್ದರೆ ಇವಳು ಹೊರಗೆ ಜಗಲಿಯ ಮೇಲೆ ಕೂತಿರುತ್ತಿದ್ದಳಂತೆ. ಇದನ್ನು ಕೇಳಿದ ದಿನ ನಾನು ಊಟ ಬಿಡಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಚೆನ್ನಾಗೇ ಉಂಡೆ.

ಆಮೇಲೆ ಸರ್ಕಾರಿ ಕೆಲಸ ಬಿಟ್ಟು ಬಂಗಾರಪೇಟೆಯ ಈ ಕಾಲೇಜಿಗೆ ಪಾಠ ಹೇಳಲು ಸೇರಿದೆ. ಹೋದ ವರ್ಷ ನಿಮ್ಮ ಸೀನಿಯರ್‌ಗಳಿಗೆ ಇದೇ ಪಾಠ ಮಾಡುತ್ತಿದ್ದೆ. ಎದುರಿಗೆ ಆ ರಬ್ಬರ್ ಗೊಂಬೆ; ಅದರ ತೊಡೆಗಳ ನಡುವೆ ಏನೂ ಇಲ್ಲ, ನುಣ್ಣಗೆ. ಅದರ ಮೇಲೆಯೇ ನೀವೆಲ್ಲ ಪರೀಕ್ಷೆ ಮಾಡಿ, 'ಎರಡೂ ಇಳಿದಿವೆ' ಅಂತ ಬರೆದು ಪಾಸಾಗುತ್ತೀರಿ. ಒಬ್ಬ ಹುಡುಗಿ ಎದ್ದು ನಿಂತಳು. ಅದೇ ಊರಿನವಳು.

"ಮೇಡಂ, ನಮ್ಮೂರಲ್ಲಿ ನೀರುಯ್ಯೋ ಅಜ್ಜಿ ಒಬ್ಳು ತಿಕ್ಕಿ ತಿಕ್ಕಿ ಒಂದ್ ಮಗೂಂದು ಮೇಲಕ್ಕೆ ಓಗ್ಬಿಟ್ಟಿತ್ತಂತೆ. ಅದನ್ನೂ ಕಾರಣ ಅಂತ ಬರ್ಕೋಬೇಕಾ?"

ಪೆನ್ನು ಹಿಡಿದು ಕಾಯುತ್ತಿದ್ದಳು. ನನ್ನ ಸುಳ್ಳು ಊರೆಲ್ಲ ಸುತ್ತಿ, ನನ್ನದೇ ತರಗತಿಗೆ ಬಂದು, ನೋಟ್ಸಿನಲ್ಲಿ ಜಾಗ ಕೇಳುತ್ತಿತ್ತು. ನಾಳೆ ಇವರೆಲ್ಲ ಹಳ್ಳಿಹಳ್ಳಿಗೆ ಹೋಗಿ ಮುನಿಯಮ್ಮಜ್ಜಿಯಂಥವರ ಬಾಯಿ ಮುಚ್ಚಿಸುತ್ತಾರೆ—ಪುಸ್ತಕದಲ್ಲೇ ಇದೆ ಅಂತ.

"ಬರ್ಕೋಬೇಡ," ಅಂದೆ. ಪಾಠ ಅಲ್ಲಿಗೇ ನಿಲ್ಲಿಸಿದೆ.

ಮಾರನೆಯ ಬೆಳಿಗ್ಗೆ ಆ ಊರಿನ ಹಾಲಿನ ಡೈರಿಯ ಮುಂದೆ ನಿಂತೆ. ಕ್ಯಾನು ಹಿಡಿದು ಸಾಲು ನಿಂತ ಹೆಂಗಸರು, ಗಂಡಸರು; ರತ್ನಳೂ ಇದ್ದಳು. ಮುನಿಯಮ್ಮಜ್ಜಿಯನ್ನು ಮನೆಯಿಂದ ಕೈ ಹಿಡಿದು ಕರೆದುಕೊಂಡು ಬಂದಿದ್ದೆ, ಯಾತಕ್ಕೆಂದು ಹೇಳಿರಲಿಲ್ಲ. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಮಗುವನ್ನು ನಾನು ನೋಡಲೇ ಇಲ್ಲ. ಈ ಅಜ್ಜಿ ಎರಡು ಸಲ ಬಂದು ಹೇಳಿದ್ದಳು. ಅವಳ ಕೈಯಿಂದ ಏನೂ ಕೆಟ್ಟಿಲ್ಲ. ನೆನಪಿಲ್ಲ ಅಂದದ್ದು ಸುಳ್ಳು.

ರತ್ನ ಕ್ಯಾನು ಕೆಳಗಿಟ್ಟು ಮನೆಗೆ ಹೋದಳು. ಆ ಕಾರ್ಡು ತಂದು ನನ್ನ ಎದೆಗೆ ಬಿಸಾಕಿದಳು.

"ನಿಮ್ ಮಾತ್ ನಂಬ್ಕೊಂಡು ಆ ಅಜ್ಜೀನ ನಮ್ ಬಾಗ್ಲು ಮೆಟ್ಟಿಸ್ಲಿಲ್ಲ ಸಿಸ್ಟರ್. ಥೂ! ಇನ್ನೊಂದ್ ದಪ ನನ್ ಕಣ್ಣಿಗ್ ಬೀಳಬೇಡಿ."

ಸರಿಯಾಗೇ ಹೇಳಿದಳು. ಬಗ್ಗಿ ಕಾರ್ಡು ಎತ್ತಿಕೊಂಡೆ.

ಮುನಿಯಮ್ಮಜ್ಜಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಜನರನ್ನೇ ನೋಡುತ್ತ, "ಏಳಿದ್ನಾ ಇಲ್ವಾ? ಏಳಿದ್ನೋ ಇಲ್ವೋ?" ಅಂತ ಒಬ್ಬೊಬ್ಬರನ್ನೂ ಕೇಳುತ್ತ ಹೋದಳು. ಒಬ್ಬೊಬ್ಬರೂ ಬಗ್ಗಿ ತಮ್ಮ ಕ್ಯಾನಿನ ಮುಚ್ಚಳ ಸರಿಮಾಡಿಕೊಂಡರು.

ಕೊನೆಗೆ ನಾನೇ ಕೇಳಿಕೊಂಡೆ. ಕಾಲೇಜಿಗೆ ಬಾ ಅಜ್ಜಿ, ಮಗುವನ್ನು ಹೇಗೆ ಮುಟ್ಟಿ ನೋಡಬೇಕು ಅಂತ ನಮ್ಮ ಹುಡುಗಿಯರಿಗೆ ನೀನೇ ತೋರಿಸಿಕೊಡು ಅಂದೆ. ಅವಳು ಎರಡೂ ಕೈ ಮುಂದೆ ಚಾಚಿದಳು. ತರತರ ನಡುಗುತ್ತಿದ್ದವು.

"ನೋಡಮ್ಮ. ಈ ಕೈನಾಗೆ ಇನ್ ಮಗೀನ ಎತ್ತಕಾಯ್ತದಾ? ಐದ್ ವರ್ಷದ್ ಇಂದೆ ಬಂದಿದ್ರೆ ಬತ್ತಿದ್ದೆ. ನೀನೇ ಏಳ್ಕೊಡು, ಓಗು."

ನಾನು ಆ ಸುಳ್ಳು ಹೇಳಿ ಐದು ವರ್ಷ. ಅವಳ ಕೈ ಗಟ್ಟಿಯಾಗಿದ್ದ ಕೊನೆಯ ಐದು ವರ್ಷ ನಾನು ತಿಂದುಹಾಕಿದ್ದೆ. ಕ್ಷಮಿಸು ಅಂತ ನಾನು ಕೇಳಲಿಲ್ಲ. ಕೇಳಿ, ಕ್ಷಮಿಸುವ ಕೆಲಸವನ್ನೂ ಅವಳ ಮೇಲೆ ಹೊರಿಸುವುದು ಬೇಡ ಅನ್ನಿಸಿತು.

ನಡೆದದ್ದನ್ನೆಲ್ಲ ಬರೆದು, ಸಹಿ ಹಾಕಿ, ಮೇಲಿನವರಿಗೆ ಕೊಟ್ಟಿದ್ದೇನೆ. ಏನು ಮಾಡುತ್ತಾರೋ ಮಾಡಲಿ. ಅಲ್ಲಿಯವರೆಗೆ ಈ ಪಾಠ ನನ್ನದು. ನಾಳೆ ಹತ್ತು ಗಂಟೆಗೆ ಗೊಂಬೆ ತರಬೇಡಿ, ವಾರ್ಡಿಗೆ ಹೋಗೋಣ. ತಾಯಿಯನ್ನು ಕೇಳಿ, ಬಿಸಿನೀರಿನಲ್ಲಿ ಕೈ ತೊಳೆದು ಬೆಚ್ಚಗೆ ಮಾಡಿಕೊಂಡು, ಮಗುವಿನ ಬಟ್ಟೆ ಬಿಚ್ಚಿ. ತೊಡೆಸಂದಿನ ಮೇಲಿನಿಂದ ಬೆರಳು ಮೆಲ್ಲಗೆ ಕೆಳಗೆ ತನ್ನಿ. ಒಂದು ಸಿಗದಿದ್ದರೆ ಸಿಗಲಿಲ್ಲ ಅಂತ ಬರೆಯಿರಿ, ಆರು ತಿಂಗಳ ಗಡುವನ್ನು ತಾಯಿಗೆ ಬಾಯಿಬಿಟ್ಟು ಹೇಳಿ. ಎರಡೂ ಸಿಗದಿದ್ದರೆ ಕಾಯಬೇಡಿ, ಅವತ್ತೇ ಡಾಕ್ಟರಿಗೆ ತಿಳಿಸಿ. ಆಮೇಲೆ ಮನೆಯಲ್ಲಿ ಮಗುವಿಗೆ ಯಾರು ನೀರು ಹುಯ್ಯುತ್ತಾರೆ ಅಂತ ಕೇಳಿ. ಅವರ ಹತ್ತಿರ ಹೋಗಿ ಕೂತು, ಕೈಗೆ ಏನು ಸಿಕ್ಕಿದೆ ಅಂತ ಕೇಳಿ.

ಆ ಕಾರ್ಡನ್ನೂ ತರುತ್ತೇನೆ. ಮಗುವಿನ ಹೆಸರಿನ ಮೇಲೆ ಕಾಗದ ಅಂಟಿಸಿದ್ದೇನೆ, ನನ್ನ ಸಹಿಯ ಮೇಲೆ ಅಂಟಿಸಿಲ್ಲ. ಎಲ್ಲರೂ ಕೈಯಲ್ಲಿ ಹಿಡಿದು ಆ ಸೊಟ್ಟ ಗೆರೆಯನ್ನು ನೋಡಿ. ಅವತ್ತು ಆ ಅಜ್ಜಿ ನಿಜವಾಗಿ ಹೇಳಿದ್ದಳಾ ಮೇಡಂ ಅಂತ ನಿಮ್ಮಲ್ಲಿ ಯಾರಾದರೂ ಕೇಳೇ ಕೇಳುತ್ತೀರಿ.

ಹೇಳಿದ್ದಳು. ಎರಡು ಸಲ ಹೇಳಿದ್ದಳು. ನನಗೆ ನೆನಪಿದೆ.