ಸೋಪುನೀರಿನ ಮೋಹನಣ್ಣ

ಅಂದು ಬೆಳಿಗ್ಗೆಯೂ ಎಂದಿನಂತೆ ಮೊದಲು ಕೇಳಿಸಿದ್ದು ಸ್ಪ್ಯಾನರಿನ ಸದ್ದು. ಒಮಾನಿನ ದಾರ್ಸೈಟಿನಲ್ಲಿ ನಮ್ಮ ಕಟ್ಟಡದ ಕೆಳಗೆ ಗ್ಯಾಸ್ ಗಾಡಿ ನಿಲ್ಲಿಸಿ ಮೋಹನಣ್ಣ ಸಿಲಿಂಡರಿಗೆ ಎರಡೇ ಪೆಟ್ಟು ಹಾಕುತ್ತಿದ್ದರು. ಮೂರನೆಯದಕ್ಕೆ ಮಲಗಿದ ಕೂಸುಗಳು ಏಳುತ್ತವಂತೆ. ನಾನು ದೋಸೆ ಕಾವಲಿ ಇಳಿಸಿ, ಬಟ್ಟಲಲ್ಲಿ ಸೋಪುನೀರು ಕಲಸಿಟ್ಟು, ಟೈಲ್ಸಿಗೆ ಕಲೆಯಾಗದ ಹಾಗೆ ನೆಲಕ್ಕೆ ಇಂಗ್ಲಿಷ್ ಪೇಪರ್ ಹಾಸಿದೆ.

ಕಾಪು ಕಡೆಯ ಮನುಷ್ಯ. ಮೂರು ಮಹಡಿ ಸಿಲಿಂಡರ್ ಹೊತ್ತು ಬಂದರೂ ಹೊಸ್ತಿಲಾಚೆ ಚಪ್ಪಲಿ ಜೋಡಿಸಿಡದೆ ಒಳಗೆ ಬರುತ್ತಿರಲಿಲ್ಲ. ರೆಗ್ಯುಲೇಟರ್ ಸಿಕ್ಕಿಸಿ, ಸುತ್ತ ಸೋಪುನೀರು ಸವರಿ, ಉಸಿರು ಹಿಡಿದು ನೋಡುವರು. "ಗುಳ್ಳೆ ಇಲ್ಲ. ಇನ್ನು ಧೈರ್ಯದಲ್ಲಿ ಚಾ ಇಡಿ ಅಕ್ಕ." ಎಷ್ಟೇ ಗಡಿಬಿಡಿ ಇರಲಿ, ಇದೊಂದನ್ನು ಬಿಟ್ಟವರಲ್ಲ.

ಹಾಸಿದ ಪೇಪರನ್ನು ಅವರು ಕೂತಲ್ಲೇ ಅಕ್ಷರ ಕೂಡಿಸಿ ಓದುವುದನ್ನು ಕಂಡು, ಆರನೇ ಕ್ಲಾಸಿನ ನನ್ನ ಮಗಳು ಮೇಘನಾ ತನ್ನ ಭಾಷಣಗಳನ್ನು ಅವರೆದುರು ಕನ್ನಡದಲ್ಲಿ ಹೇಳಿನೋಡುತ್ತಿದ್ದಳು. ತಿಂಗಳಿಗೊಮ್ಮೆ ಕ್ಲಾಸಿನಲ್ಲಿ ಮೂರು ಸುದ್ದಿಗಳ ಮೇಲೆ ಎರಡು ನಿಮಿಷ ಮಾತಾಡಬೇಕಿತ್ತು. ಒಮ್ಮೆ ಎಲ್ಲಿಯದೋ ನೆರೆಯ ಸುದ್ದಿಗೆ "ಲಕ್ಷಾಂತರ ಜನ" ಎಂದಳು. ಮೋಹನಣ್ಣ ಪೇಪರಿನ ಮೇಲೆ ಬೆರಳಿಟ್ಟರು. "ಇಲ್ಲಿ ಸಾವಿರ ಅಂತ ಉಂಟಲ್ಲ ಮಗಾ. ನಿಂದು ಸೋರ್ತಾ ಉಂಟು." ಅಂದಿನಿಂದ ಅವರು ಪಾಸು ಮಾಡದ ಭಾಷಣ ಶಾಲೆಗೆ ಹೋಗುತ್ತಿರಲಿಲ್ಲ.

ಅಂದೂ ಭಾಷಣವಿತ್ತು, ಶಾಲೆ ಮಧ್ಯಾಹ್ನದ ಶಿಫ್ಟು. ಎರಡು ಸುದ್ದಿ ಮುಗಿಸಿ ಮೂರನೆಯದಕ್ಕೆ ಬಂದಳು. "ಮುಂದಿನ ತಿಂಗಳಿಂದ ಗ್ಯಾಸ್ ಗಾಡಿಗಳನ್ನ ಒಮಾನಿಗಳೇ ಓಡಿಸ್ಬೇಕು. ಫಾರಿನ್ ಡ್ರೈವರ್ಸ್ ಎಲ್ಲ ಪಾಪ ವಾಪಸ್..." ಮಾತು ಅಲ್ಲೇ ನಿಂತಿತು. ಅವಳ ಕಣ್ಣು ಸ್ಪ್ಯಾನರಿನ ಮೇಲಿತ್ತು.

"ಅಂಕಲ್, ನೀವೂನಾ?"

"ನಾನೂ. ನಮ್ಮ ಧಣಿ, ಕಫೀಲ್, ಮೊನ್ನೆಯೇ ಹೇಳಿದ. ಈ ಲೈನಿಗೆ ಇವತ್ತೇ ಖಲಾಸ್."

"ಹಾಗಾದ್ರೆ ಇದು ಬೇಡ. ನಾನು ಕ್ರಿಕೆಟ್ ನ್ಯೂಸ್ ಹೇಳ್ತೀನಿ."

"ಬಿಡುವುದು ಯಾಕೆ? ಸುದ್ದಿ ಅಲ್ವಾ? ಆ 'ಪಾಪ' ಒಂದು ತೆಗಿ, ಅದು ಸೋರ್ತದೆ. ಅವ್ರ ಮಕ್ಕಳಿಗೂ ಕೆಲಸ ಬೇಕು ಅಂತ ಒಂದು ಲೈನ್ ಹಾಕು. ಮತ್ತೆ, ಹೋಗುವವ್ರಿಗೆ ಊರಲ್ಲಿ..." ಕೆಮ್ಮಿ, ರೆಗ್ಯುಲೇಟರನ್ನು ಸುಮ್ಮನೆ ಇನ್ನೊಮ್ಮೆ ಒತ್ತಿದರು. "ಊರಲ್ಲಿ ಏನುಂಟು ಅಂತ ಪೇಪರಲ್ಲಿ ಇಲ್ಲ. ಅದು ಬೇಡ."

"ಏನು ಮಾಡ್ತೀರಿ ಮೋಹನಣ್ಣ?" ಎಂದೆ.

"ಹದಿನಾಲ್ಕು ವರ್ಷ ಇದೊಂದೇ ಮಾಡಿದ್ದು ಅಕ್ಕ. ನೋಡುವ."

ಖಾಲಿ ಸಿಲಿಂಡರ್ ಹೆಗಲಿಗೇರಿಸಿ ಇಳಿದೇ ಹೋದರು. ಚಪ್ಪಲಿಯ ಸದ್ದು ನಿಂತ ಮೇಲೆ ನೋಡುತ್ತೇನೆ, ಬಟ್ಟಲಿನ ನೊರೆ ಹಾಗೇ ಇದೆ. ನಾನೇ ಬೆರಳದ್ದಿ ಸವರಿದೆ. ಗುಳ್ಳೆ ಬರಲಿಲ್ಲ. ಅವರ ಫೋನ್ ನಂಬರ್ ಕೂಡ ನನ್ನಲ್ಲಿರಲಿಲ್ಲ. ಸ್ಪ್ಯಾನರಿನ ಸದ್ದು ಇರುವಾಗ ನಂಬರು ಯಾರು ಕೇಳುತ್ತಾರೆ?

ಮಗಳನ್ನು ಶಾಲೆಗೆ ಬಿಟ್ಟು, ರುವಿ ಪೇಟೆಯಲ್ಲಿ ತರಕಾರಿ ಕೊಂಡು, ಸಂಜೆ ಅವಳೊಂದಿಗೇ ಮನೆಗೆ ಬಂದೆ. ದಾರಿಯಲ್ಲಿ ಅವಳು ಆಡಿದ್ದು ಒಂದೇ ಮಾತು: "ಪಾಪ ಅನ್ಲಿಲ್ಲ ಅಮ್ಮ."

ಬೀಗ ತೆಗೆಯುವಷ್ಟರಲ್ಲಿ ಎದುರುಮನೆಯ ಮೈಸೂರಿನ ಸುಧಾ ಹೆಪ್ಪಿಗೆ ಮೊಸರು ಕೇಳಲು ಲೋಟ ಹಿಡಿದು ಬಂದರು.

"ಮಧ್ಯಾಹ್ನ ಆ ಗ್ಯಾಸ್‌ನವ್ನು ಮತ್ತೆ ಮೂರು ಮಹಡಿ ಹತ್ತಿ ಬಂದಿದ್ದ ಕಣ್ರೀ, ನಿಮ್ಮನೇಲಿ ಸೋಪುನೀರು ಹಚ್ಚೋದು ಮರ್ತೆ ಅಂತ. ಅದಕ್ಯಾಕಪ್ಪ ಅಷ್ಟು ಅರ್ಜೆಂಟು, ನಾಳೆ ಬಾ ಅಂತ ಕಳಿಸ್ದೆ."