ಅಮಾಸಿಯ ನೀರು

ಕುಮಟೆಯ ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸಲು ನಾನು ಸೇರಿದ್ದು ತೊಂಬತ್ತರ ದಶಕದ ಕೊನೆಗೆ. ಹೊಳನಗದ್ದೆಯಲ್ಲಿ ಬಾಡಿಗೆ ಕೋಣೆ ಹಿಡಿದಿದ್ದೆ. ಊರಲ್ಲಿ ಮನೆಯವರು ಏನು ಮಾಡುತ್ತಾರೆಂದು ಮನೆಯೊಡತಿ ಕೇಳಿದಾಗ "ವ್ಯಾಪಾರ" ಎಂದಿದ್ದೆ. ಸುಳ್ಳೇನಲ್ಲ. ಅಪ್ಪ ತೀರಿಹೋದ ಮೇಲೆ ಅಮ್ಮ ನಮ್ಮೂರು ಮಾವಳ್ಳಿಯಿಂದ ಬುಟ್ಟಿ ತಂದು ಹೊನ್ನಾವರದ ಪೇಟೆಯಲ್ಲಿ ಕೂತು ಮೀನು ಮಾರುತ್ತಿದ್ದಳು. ನಾನು ಎಂ.ಎಸ್ಸಿ. ಓದಿದ್ದೂ ಅದೇ ಬುಟ್ಟಿಯಿಂದ. ಆದರೆ ಸ್ಟಾಫ್ ರೂಮಿನಲ್ಲಿ ಆ ಬುಟ್ಟಿಯ ಸುದ್ದಿ ನನ್ನ ಬಾಯಿಂದ ಒಮ್ಮೆಯೂ ಹೊರಬೀಳಲಿಲ್ಲ. ಯಾರೋ ಮೀನಿನ ಊಟದ ಡಬ್ಬಿ ತೆರೆದಾಗ ಸೆರಗಿನಿಂದ ಮೂಗು ಮುಚ್ಚಿಕೊಳ್ಳುವವರನ್ನು ಅಲ್ಲಿ ನೋಡಿದ್ದೆ. ಅವರ ಮುಂದೆ ನಾನು ಹೇಡಿ.

ಒಂದು ವರ್ಷ ಊರವರಿಗಾಗಿ ಕಾಲೇಜಿನಲ್ಲಿ ಒಂದು ಉಪನ್ಯಾಸ ಕೊಡಿ ಎಂದರು. ವಿಷಯ ನಾನೇ ಆರಿಸಿದೆ. ಗೆಲಾಕ್ಸಿಯ ಅಂಚಿನಲ್ಲಿರುವ ನಕ್ಷತ್ರಗಳು ಲೆಕ್ಕಕ್ಕಿಂತ ಜೋರಾಗಿ ಓಡುತ್ತವೆ. ಕಣ್ಣಿಗೆ ಕಾಣುವ ವಸ್ತುವಿನ ಸೆಳೆತವಷ್ಟೇ ಇದ್ದರೆ ಅವು ಎಂದೋ ಹಾರಿ ಚದುರಿಹೋಗಬೇಕಿತ್ತು. ಹಾಗಾದರೆ ಅಲ್ಲಿ ಕಾಣದ ದ್ರವ್ಯ ಇದೆಯೋ, ಇಲ್ಲಾ ಸೆಳೆತ ತೀರಾ ಕ್ಷೀಣವಾದಲ್ಲಿ ನಮ್ಮ ಗುರುತ್ವದ ಸೂತ್ರವನ್ನೇ ತಿದ್ದಬೇಕೋ? ನನ್ನ ಒಲವು ತಿದ್ದುವವರ ಕಡೆಗೆ. ಲೆಕ್ಕ ಕೂಡದಾಗೆಲ್ಲ ಕಾಣದ್ದೊಂದು ಇದೆ ಎಂದುಬಿಡುವುದು ಸೋಮಾರಿಗಳ ಉಪಾಯ ಅಂತ ನನ್ನ ಜಂಭ.

ಉಪನ್ಯಾಸದ ಹಿಂದಿನ ಭಾನುವಾರ ಮಾವಳ್ಳಿಗೆ ಹೋದಾಗ, ಅಂಗಳದಲ್ಲಿ ಮೀನು ಒಣಗಲು ಹರವುತ್ತಿದ್ದ ಅಮ್ಮನಿಗೆ ಇದನ್ನೆಲ್ಲ ಒದರಿದೆ. ಹೇಳಿ ರೂಢಿ ಮಾಡಿಕೊಳ್ಳಲು ಎದುರಿಗೊಂದು ಮುಖ ಬೇಕಿತ್ತು, ಅಷ್ಟೆ. ಅವಳು ತಲೆ ಎತ್ತದೆ ಕೇಳಿದಳು.

"ಅಮಾಸಿ ದಿನ ಚಂದ್ರ ಕಾಣ್ತದ್ಯೆ?"

"ಇಲ್ಲ."

"ಮತ್ತೆ ಹುಣ್ಮಿ ಹಾಂಗೇ ಅಮಾಸಿಗೂ ನೀರು ಏರ್ತದಲ್ಲೆ? ಕಾಣ್ದಿದ್ರೆ ಎಂತ ಆತು? ಎಳೆಯೋನು ಎಳೀತೇ ಇರ್ತಾನೆ."

ನಾನು ಒಳಗೆ ಹೋಗಿ ಆ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಉಪನ್ಯಾಸಕ್ಕೆ ತಾನೂ ಬರುತ್ತೇನೆ ಎಂದಳು. "ನಿಂಗೆ ಅರ್ಥ ಆಗೂದಿಲ್ಲ, ಬ್ಯಾಡ" ಎಂದೆ. ಅವಳು ಬಂದೇ ಬಂದಳು. ಅಂದು ಪೇಟೆಗೆ ಹೋಗದೆ, ಮದುವೆಮನೆಗೆ ಉಡುವ ಸೀರೆ ಉಟ್ಟು, ಅಬ್ಬಲಿಗೆ ಮುಡಿದು ಕೊನೆಯ ಬೆಂಚಿನಲ್ಲಿ ಕೂತಿದ್ದಳು.

ಮಾತು ಚೆನ್ನಾಗಿಯೇ ಸಾಗಿತು. ಯುರೇನಸ್ ದಾರಿ ತಪ್ಪಿ ನಡೆದಾಗ ಕಾಣದ ಗ್ರಹವೊಂದು ಎಳೆಯುತ್ತಿದೆ ಎಂದು ಲೆಕ್ಕ ಹಾಕಿದರು, ನೆಪ್ಚೂನ್ ಸಿಕ್ಕಿತು. ಬುಧನ ದಾರಿ ಲೆಕ್ಕಕ್ಕೆ ಕೂಡದಿದ್ದಾಗಲೂ ಹಾಗೇ ಹುಡುಕಿದರು, ಯಾವ ಗ್ರಹವೂ ಸಿಗಲಿಲ್ಲ, ಕಡೆಗೆ ಗುರುತ್ವದ ಸೂತ್ರವನ್ನೇ ಬದಲಿಸಬೇಕಾಯಿತು. ಈ ಸಲ ಯಾವುದೋ ಯಾರಿಗೂ ಗೊತ್ತಿಲ್ಲ ಎಂದೆ. ಆಮೇಲೆ ಅಮಾವಾಸ್ಯೆಯ ಉಬ್ಬರದ ಮಾತು ಹೇಳಿದೆ. ಚಪ್ಪಾಳೆ ಬಿದ್ದದ್ದು ಅದಕ್ಕೇ.

ಒಬ್ಬ ನಿವೃತ್ತ ಹೆಡ್‌ಮಾಸ್ತರರು ಎದ್ದರು. "ಚಂದ್ರ ಎರಡು ದಿನ ಬಿಟ್ಟು ಕಾಣ್ತದೆ ಮೇಡಂ. ನಿಮ್ಮ ಈ ದ್ರವ್ಯ ಯಾವಾಗ ಕಾಣೂದು?"

ಎಲ್ಲರೂ ನಕ್ಕರು. ಅದು ಕಾಣುವ ತನಕ ಸೂತ್ರದ ಮೇಲೂ ಸಂಶಯ ಇಟ್ಟುಕೊಂಡಿರಬೇಕು ಎಂದೆ. ಅವರಿಗೆ ಒಪ್ಪಿಗೆಯಾಯಿತು. "ಆದ್ರೂ ಉದಾಹರಣೆ ಚಲೋ ಇದೆ. ಯಾರು ಹೇಳಿದ್ದು?"

ಅಮ್ಮ ಬೆಂಚಿನಿಂದ ಅರ್ಧ ಎದ್ದಿದ್ದಳು. ಕರೆದರೆ ಬರಬೇಕಲ್ಲ ಎಂಬಂತೆ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ನೋಡಲಿಲ್ಲ ಎನ್ನುವ ನೆಪವೂ ನನಗಿಲ್ಲ. ಅವಳನ್ನೇ ನೋಡುತ್ತಾ "ಎಲ್ಲೋ ಪುಸ್ತಕದಲ್ಲಿ ಓದಿದ್ದು" ಎಂದೆ.

ಸಹೋದ್ಯೋಗಿಗಳ ಕಣ್ಣು ತಪ್ಪಿಸಿ, ಹಿಂದಿನ ಗೇಟಿನಿಂದ ಅವಳನ್ನು ಬಸ್‌ಸ್ಟ್ಯಾಂಡಿಗೆ ಕರೆದೊಯ್ದೆ. ಬೈಗುಳಕ್ಕೆ ಕಾದಿದ್ದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳ ಮುಖ ಅರಳಿತ್ತು.

"ನಾ ಹೇಳಿದ್ದೇ ಪುಸ್ತಕದಲ್ಲೂ ಇತ್ತನೆ?"

"ಹ್ಞೂಂ" ಎಂದೆ.

ಹೊನ್ನಾವರದ ಮೀನುಪೇಟೆಯಲ್ಲೆಲ್ಲ ಅವಳು ಅದನ್ನು ಸಾರಿದಳು. ತಾನು ಹೇಳಿದ್ದು ಪುಸ್ತಕದಲ್ಲೂ ಇದೆಯಂತೆ, ಮಗಳೇ ಸಭೆಯಲ್ಲಿ ಹೇಳಿದಳು ಎಂದು. ಪಕ್ಕದಲ್ಲಿ ಮಾರುವವರು ನನ್ನನ್ನು ಕಂಡಾಗಲೆಲ್ಲ ಆ ಪುಸ್ತಕ ವಿಚಾರಿಸುತ್ತಿದ್ದರು. ಏನೋ ಒಂದು ಹೇಳಿ ಜಾರಿಕೊಳ್ಳುತ್ತಿದ್ದೆ.

ಕೆಲವು ವರ್ಷಗಳ ಮೇಲೆ, ಗೆಲಾಕ್ಸಿಗಳ ಎರಡು ಗುಂಪು ಒಂದರೊಳಗೊಂದು ಹಾದುಹೋದ ಸುದ್ದಿ ಬಂತು. ಕಾಣುವ ದ್ರವ್ಯದ ಬಹುಪಾಲಾದ ಅನಿಲ ಡಿಕ್ಕಿಯಲ್ಲಿ ನಡುವೆ ಹಿಂದುಳಿದರೂ, ಸೆಳೆತದ ಬಹುಪಾಲು ಅದನ್ನು ಬಿಟ್ಟು ಗೆಲಾಕ್ಸಿಗಳ ಜೊತೆ ಮುಂದೆ ಸಾಗಿತ್ತು. ನನ್ನ ಪಕ್ಷಕ್ಕೆ ದೊಡ್ಡ ಪೆಟ್ಟು. ಸೂತ್ರ ತಿದ್ದುವವರು ಆಗಲೂ ಸುಮ್ಮನಾಗಲಿಲ್ಲ, ಆ ದ್ರವ್ಯವಂತೂ ಯಾವ ಯಂತ್ರಕ್ಕೂ ಸಿಕ್ಕಿರಲಿಲ್ಲ. ಕ್ಲಾಸಿನಲ್ಲಿ ಎರಡನ್ನೂ ಪ್ರಾಮಾಣಿಕವಾಗಿ ಹೇಳಿದೆ. ನಕ್ಷತ್ರಗಳ ವಿಷಯದಲ್ಲಿ ನಾನು ಬಹಳ ಪ್ರಾಮಾಣಿಕಳು.

ಆ ವಾರ ಮಾವಳ್ಳಿಗೆ ಹೋದಾಗ, ಕಾಣದ್ದು ಇದೆ ಎನ್ನುವವರದೇ ಮೇಲುಗೈ ಎಂದು ಅಮ್ಮನಿಗೆ ಹೇಳಿದೆ. ಪುಸ್ತಕದ ನಿಜವನ್ನೂ ಹೇಳಿಬಿಡಬೇಕೆಂದು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವಳೇ ಕೇಳಿದಳು.

"ಆ ಪುಸ್ತಕ ಒಂದ್ಸಲ ತಕಂಬಾ ಮಗಾ. ನಂಗೆ ಓದೂಕೆ ಬರೂದಿಲ್ಲ. ಮುಟ್ಟಿ ನೋಡ್ತೆ."

ನನ್ನ ಚೀಲದಲ್ಲಿ ಕಾಲೇಜು ಲೈಬ್ರರಿಯ ಪುಸ್ತಕವೊಂದಿತ್ತು, ಶಾಖದ ಬಗೆಗಿನ ಇಂಗ್ಲಿಷ್ ಪಠ್ಯ. ಅದನ್ನೇ ತೆಗೆದೆ. "ತಡಿ, ಮೀನಿನ ಕೈ" ಎಂದು ಅವಳು ಬಾವಿಕಟ್ಟೆಗೆ ಹೋಗಿ ಸಾಬೂನು ಹಚ್ಚಿ ಎರಡೆರಡು ಸಲ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಬಂದಳು.

"ಅಮಾಸಿ ಅಂತ ಎಲ್ಲಿ ಬರ್ದದೆ?"

ಅವಳ ಬೆರಳು ಹಿಡಿದು, ಯಾವುದೋ ಒಂದು ಸಾಲಿನ ಮೇಲೆ ಇಟ್ಟೆ.